ಗುರುಸಿದ್ದವ್ವನ ತಾರೀಕು

ಶಿವನನ್ನು ನೆನೆದು ಕೂತುಕೊಳ್ಳಿರಿ ತಾಯಂದಿರಾ, ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಳ್ಳಿರಿ. ಒಂದು ಊರು, ಊರಿಗೊಂದು ಮಠ, ಮಠದ ಹಿಂದೆ ಒಂದು ಮನೆ. ಆ ಮನೆಯಲ್ಲಿ ಗುರುಸಿದ್ದವ್ವ ಎಂಬ ತಾಯಿ, ಮಡಿವಾಳಪ್ಪ ಎಂಬ ಮಗ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದಷ್ಟೇ ಮಾಡುವನು, ಹೇಳಿದ ಹಾಗೆಯೇ ಮಾಡುವನು. "ಬಾಗಿಲ ನೋಡಕೋ" ಎಂದು ತಾಯಿ ಹೊಳೆಗೆ ಹೋದರೆ, ಬರುವ ತನಕ ಬಾಗಿಲನ್ನೇ ನೋಡುತ್ತ ನಿಲ್ಲುವನು. ನಾಯಿ ಅದೇ ಬಾಗಿಲಿನಿಂದ ಒಳಗೆ ಹೋದದ್ದು, ರೊಟ್ಟಿ ಕಚ್ಚಿಕೊಂಡು ಹೊರಗೆ ಬಂದದ್ದು, ಎರಡನ್ನೂ ನೋಡಿದ್ದನು.

"ಶಿವನ, ಇಂಥವನ್ನ ನನಗ್ಯಾಕ ಕೊಟ್ಟಿ? ನನ್ನರ ಬೇಗ ಕರಕೋ!" ಎಂದು ತಾಯಿ ದಿನಾ ಹಣೆ ಬಡಿದುಕೊಳ್ಳುವಳು. ಕೊಟ್ಟವನು ಸುಮ್ಮನೆ ಕೇಳಿಕೊಳ್ಳುವನು.

ಗುರುಸಿದ್ದವ್ವನ ಗಂಡ ಸೋಮಲಿಂಗಪ್ಪ, ಭಜನೆ ಮೇಳದ ಹಿರಿಯ, ಶಿವನ ಪಾದ ಸೇರಿ ವರ್ಷವಾಗುತ್ತ ಬಂದಿತ್ತು. ಅಂದು ಮಗಳು ಸಾವಂತ್ರಿ ಬಸ್ಸು ಸಿಗದೆ ತಡವಾಗಿ ಬಂದಿದ್ದಳು. ಅಪ್ಪನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಬರುವ ಸೋಮವಾರ ವರ್ಷದ ಪುಣ್ಯತಿಥಿ, ಅದಕ್ಕಾದರೂ ಬರೋಣವೆಂದರೆ ಗಂಡನ ಮನೆಯಲ್ಲಿ ಹಸಿ ಬಾಣಂತಿ.

"ಯವ್ವಾ, ಅಪ್ಪನ ಹೆಸರಲೆ ಇಂಟರ್ನೆಟ್ಟಿನಾಗ ಒಂದು ಪುಟ ಮಾಡಸು. ಅದರಾಗ ದೀಪ ಇರತೈತಂತ, ಬೆರಳಿಲೆ ಮುಟ್ಟಿದ್ರ ಹತ್ತತೈತಂತ. ಸೋಮವಾರ ಇಲ್ಲಿಂದನ ಹಚ್ಚತೀನಿ. ಅಷ್ಟರ ನನ್ನ ಕೈಲೆ ಆಗಲಿ!" ಎಂದು ಫೋನಿನಲ್ಲಿ ಅತ್ತಳು.

ಕಂಪ್ಯೂಟರ್ ಅಂಗಡಿಯ ಮುರಿಗೆಪ್ಪ ಒಂದು ಸಿದ್ಧ ಪುಟ ತೆಗೆದುಕೊಟ್ಟನು, ಟೆಂಪ್ಲೇಟ್ ಅನ್ನುತ್ತಾರಲ್ಲ, ಅದು. ಅದರೊಳಗೆ ಎಲ್ಲವೂ ಅಲುಗಾಡುತ್ತಿತ್ತು. ಹೂವು ಉದುರುತ್ತಿದ್ದವು, ಹಾರ ತೂಗುತ್ತಿತ್ತು. ಮಾದರಿಗೆಂದು ಇಟ್ಟ ಯಾರೋ ಒಬ್ಬ ಮುದುಕ ಕತ್ತಲೆಯಿಂದ ಮೆಲ್ಲಗೆ ಮೂಡಿ ಬಂದು, ನೋಡಿದವರನ್ನು ನೋಡಿ ನಗುತ್ತಿದ್ದನು.

"ಮೊದಲ ಹೆಸರು ಬದಲ ಮಾಡು ಮಡಿವಾಳಾ. ಉಳಿದದ್ದು ಮುಟ್ಟಬ್ಯಾಡ!" ಎಂದು ಮುರಿಗೆಪ್ಪ ಚಹಾಕ್ಕೆ ಹೋದನು.

ಮಡಿವಾಳಪ್ಪ ಹೆಸರು ಬದಲು ಮಾಡಿದನು. ಉಳಿದದ್ದು ಮುಟ್ಟಲಿಲ್ಲ. ಹಾಗೇ ಲೋಕಕ್ಕೆಲ್ಲ ತೋರಿಸುವ ಗುಂಡಿ ಒತ್ತಿ ಮನೆಗೆ ಬಂದನು.

ಸಾವಂತ್ರಿಯ ಫೋನು ಬಂತು. "ಯವ್ವಾ! ಅಪ್ಪನ ಹೆಸರು ಹೇಳಕೊಂಡು ಯಾರೋ ಕುಂತಾನ! ಮುಚ್ಚಿದ್ರೂ ಹೋಗವಲ್ಲ, ತೆಗದ್ರ ಮತ್ತ ನಗಕೋತ ಬರತಾನ!"

ತಾಯಿ ಎದೆ ಹಿಡಿದುಕೊಂಡಳು. "ಎಂಥ ಮಗನೋ ನೀ! ನಮ್ಮ ಮನಿಯವರಲ್ಲದ ಮಾರಿ ಒಂದೂ ಅಲ್ಲಿರಬಾರದು. ಎಲ್ಲಾ ತಗಿ!"

"ಆತವ್ವಾ. ಎಲ್ಲಾ ತಗೀತೀನಿ."

ಹೋದನು. ಮುದುಕನನ್ನು ತೆಗೆದನು. ಸೋಮಲಿಂಗಪ್ಪನದು ಇದ್ದದ್ದು ಒಂದೇ ಫೋಟೋ, ಭಜನೆ ಮೇಳದವರ ನಡುವೆ ಕೂತದ್ದು. ಅದನ್ನು ಹಾಕಿದನು. ಆಮೇಲೆ ತಾಯಿಯ ಮಾತು ನೆನೆದು, ಮನೆಯವರಲ್ಲದ ಮುಖಗಳನ್ನು ಒಂದೊಂದಾಗಿ ಅಳಿಸಿದನು. ಗೋಡೆಯ ಮೇಲಿನ ಗುರುಗಳ ಚಿತ್ರದ ಮುಖವನ್ನೂ ಬಿಡಲಿಲ್ಲ. ಗುರುಗಳು ಕ್ಷಮಿಸಿಯಾರು, ಅವರು ಕಂಡ ಪೆದ್ದರು ಕಡಿಮೆಯೇ! ಪುಟ ತೆರೆದರೆ ರುಮಾಲು ಇವೆ, ರುಮಾಲಿನ ಕೆಳಗೆ ಏನೂ ಇಲ್ಲ. ಕೈಗಳಿವೆ, ಕೈಯಲ್ಲಿ ತಾಳಗಳಿವೆ. ಟೆಂಪ್ಲೇಟು ಎಲ್ಲವನ್ನೂ ತೂಗಿಸುವುದಲ್ಲವೇ? ಮುಖವಿಲ್ಲದ ನಾಲ್ವರು ಸೋಮಲಿಂಗಪ್ಪನ ಸುತ್ತ ತೂಗುತ್ತ ತೂಗುತ್ತ ಕೂತಿದ್ದರು.

ತಾಳದ ರಾಚಪ್ಪ ಓಡಿ ಬಂದನು. "ಗುರುಸಿದ್ದವ್ವಾ, ನನ್ನ ತಲಿ ಎಲ್ಲಿ? ಮುಂಜಾನಿಂದ ಹತ್ತು ಸಲ ಮುಟ್ಟಿ ನೋಡಕೊಂಡೀನಿ!"

"ಅಯ್ಯೋ ನನ್ನ ಕರ್ಮ! ಬದುಕಿದ್ದವರ ಮಾರಿ ಅಳಸ್ತಾರೇನೋ? ಅಪ್ಪನ ಒಬ್ಬನ್ನ ಮುಂದ ತಾ. ಅವ ಎಲ್ಲಿಂದ ನೋಡಿದ್ರೂ ಕಾಣಬೇಕು, ಮರಿ ಆಗಬಾರದು!"

"ಆತವ್ವಾ. ಮರಿ ಆಗಗೊಡೂದಿಲ್ಲ."

ಹೋದನು. ಅಪ್ಪನ ಮುಖ ಒಂದನ್ನೇ ಕತ್ತರಿಸಿ ಮುಂದೆ ತಂದನು. ಮರೆಯಾಗದಂತೆ ಪರದೆಗೇ ಅಂಟಿಸಿದನು. ಸಾವಂತ್ರಿ ಪುಟವನ್ನು ಮೇಲೆ ಎಳೆದಳು, ಅಪ್ಪ ಅಲ್ಲೇ ಇದ್ದನು. ಕೆಳಗೆ ಎಳೆದಳು, ಅಪ್ಪ ಅಲ್ಲೇ ಇದ್ದನು. ದೀಪ ಎಲ್ಲಿ ಎಂದು ಹುಡುಕಿದಳು, ದೀಪದ ಮುಂದೂ ಅಪ್ಪನೇ. ನೋಡನೋಡುತ್ತ ಮುಖ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಬರಿಯ ಎರಡು ಕಣ್ಣು ಉಳಿದವು. ತೊಡೆಯ ಮೇಲಿನ ಕೂಸು ಅಳು ನಿಲ್ಲಿಸಿ ಆ ಕಣ್ಣುಗಳನ್ನೇ ನೋಡತೊಡಗಿತು.

"ಯವ್ವಾ, ಮೊಬೈಲ್ ಕೌದಿಯೊಳಗ ಸುತ್ತಿಟ್ಟೀನಿ. ನನಗ ಅಂಜಿಕಿ ಬರತೈತಿ! ದೀಪ ಹೆಂಗ ಹಚ್ಚಲಿ?"

ತಾಯಿ ಕಣ್ಣೀರು ಒರೆಸಿಕೊಂಡಳು. "ಹೋದವರನ್ನ ಹಿಂಗ ಬೆನ್ನ ಹಚ್ಚಬಾರದಪ್ಪಾ. ಅವರಿಗೆ ಅವರ ಜಾಗಾ ಕೊಡು. ಮಗ್ಗಲಕ ನಮ್ಮ ಮನಿ ಮಂದೀನ ಹಾಕು. ಅಲ್ಲಿರೂ ಚೌಕ ಒಂದೂ ಖಾಲಿ ಬಿಡಬ್ಯಾಡ, ಖಾಲಿ ಬಿಟ್ರ ಮತ್ತ ಆ ಮುದುಕ ಬಂದು ಕುಂತಾನು! ಮತ್ತ ಕೇಳಿಲ್ಲೆ, ನಾಳಿ ಸೋಮವಾರ ನಾ ಮೌನ. ಮಧ್ಯಾಹ್ನದ ಪೂಜಿ ಆಗೂ ತನಕ ಮಾತಾಡೂದಿಲ್ಲ."

"ಆತವ್ವಾ. ಖಾಲಿ ಬಿಡೂದಿಲ್ಲ."

ಹೋದನು. ಈ ಸಲ ಅಪ್ಪನಿಗೆ ಅಪ್ಪನ ಜಾಗ ಕೊಟ್ಟನು. ಹಾರ ಸರಿ, ದೀಪ ಸರಿ, ಹೂವು ಸರಿ. ಮಗ್ಗುಲಲ್ಲಿ ಅವ್ವನ ಫೋಟೋ, ಅದರ ಮಗ್ಗುಲಲ್ಲಿ ತನ್ನದು. ಅಕ್ಕನನ್ನು ಹಾಕಲಿಲ್ಲ, ಅಕ್ಕ ಕೊಟ್ಟ ಮನೆಯವಳಲ್ಲವೇ! ಪ್ರತಿ ಫೋಟೋದ ಕೆಳಗೆ ಎರಡು ಚೌಕ: ಹುಟ್ಟಿದ ದಿನ, ತೀರಿಕೊಂಡ ದಿನ. ಅವ್ವನ ಎರಡನೆಯ ಚೌಕ ಖಾಲಿ ಇತ್ತು. ಖಾಲಿ ಬಿಡುವಂತಿಲ್ಲ. ಮಡಿವಾಳಪ್ಪ ಯೋಚಿಸಿದನು. ನಿನ್ನೆ ಎಂದು ಬರೆದರೆ ಸುಳ್ಳು, ನಿನ್ನೆ ಅವ್ವ ರೊಟ್ಟಿ ಬಡಿದಿದ್ದಾಳೆ. ಇವತ್ತು ಎಂದರೂ ಸುಳ್ಳು, ಈಗಷ್ಟೇ ಬೈದಿದ್ದಾಳೆ. ನಾಳೆ ಎಂದು ಬರೆದನು. ಅವ್ವ ಹೋದ ಮೇಲೆ ರೊಟ್ಟಿ ಕೊಡುವವರಾರು ಎಂದುಕೊಂಡು ತನ್ನ ಚೌಕದಲ್ಲೂ ನಾಳೆಯನ್ನೇ ಬರೆದನು. ಬರೆದದ್ದೇ ತಡ, ಟೆಂಪ್ಲೇಟು ತಾನಾಗಿಯೇ ಎರಡು ಹಾರ ಇಳಿಬಿಟ್ಟಿತು. ಹಾರಗಳು ತೂಗತೊಡಗಿದವು. ಆ ಹೊತ್ತಿಗೆ ಮನೆಯಲ್ಲಿ ಗುರುಸಿದ್ದವ್ವ, ಏನೋ ಭಾರ ಬಿದ್ದಂತಾಗಿ, ಕೊರಳು ಸವರಿಕೊಂಡಳಂತೆ.

ಸೋಮವಾರ ಮುಂಜಾನೆ ಸಾವಂತ್ರಿ ದೀಪ ಹಚ್ಚಲೆಂದು ಪುಟ ತೆರೆದಳು. ಅವ್ವನ ಹಾರ ನೋಡಿದಳು, ಮಗ್ಗುಲಿನದು ನೋಡದೆಯೇ ಚೀರಿದಳು, ಫೋನು ಮಾಡಿದಳು.

"ಮಡಿವಾಳಾ! ಅವ್ವಂದು ಇವತ್ತಂತ ಬರದಿಯಲ್ಲೋ! ಖರೇನ?"

"ಹೌದಕ್ಕಾ, ಇವತ್ತನ. ನಾನ ಬರದೀನಿ."

"ಅವ್ವನ ಕೈಯಾಗ ಫೋನ್ ಕೊಡೋ!"

"ಅವ್ವ ಇನ್ನ ಮಾತಾಡೂದಿಲ್ಲಕ್ಕಾ."

ಸಾವಂತ್ರಿ ಕೂಸನ್ನು ಎದೆಗೆ ಅವಚಿಕೊಂಡು ಸಿಕ್ಕ ಜೀಪು ಹತ್ತಿದಳು. ಇತ್ತ ರಾಚಪ್ಪನೂ ಪುಟ ನೋಡಿದ್ದನು. ಮೇಳವನ್ನು ಕರೆದುಕೊಂಡು, ಹಾರ ಹಿಡಿದು, ಮನೆಗೆ ಬಂದನು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲವಲ್ಲ ತಾಯಂದಿರಾ. ಗೋಡೆಗೆ ಆನಿಸಿ ಕೂಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಮುಂದೆ ಭಜನೆ ಮಾಡುತ್ತೇವೆ. ಗುರುಸಿದ್ದವ್ವ ಮೌನ ಹಿಡಿದು, ಗೋಡೆಗೆ ಒರಗಿ, ವಿಭೂತಿ ಧರಿಸಿ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದಳು. ಯಾರಿಗೆ ಅನುಮಾನ ಬಂದೀತು? ಹಾರ ಹಾಕಿದರು. ತಾಳ ತಟ್ಟಿದರು. ಗಂಡನ ಪುಣ್ಯತಿಥಿಯ ಭಜನೆಯೆಂದು ಅವಳು ಕಣ್ಣು ತೆರೆಯಲಿಲ್ಲ. ಗಾಳಿಯಿಲ್ಲದ ಮಧ್ಯಾಹ್ನ, ಅವಳ ಕೊರಳ ಹಾರ ಮೆಲ್ಲಗೆ ತೂಗುತ್ತಿತ್ತು.

ಸಾವಂತ್ರಿ ಬಂದು ಕಾಲ ಮೇಲೆ ಬಿದ್ದಳು. "ಅಪ್ಪನ ಮಾರಿ ನೋಡಲಿಲ್ಲ, ನಿನ್ನ ಮಾತೂ ಕೇಳಲಿಲ್ಲಲ್ಲ ಯವ್ವಾ!" ಎಂದು ಅಪ್ಪನ ಫೋಟೋದ ಮುಂದಿನ ದೀಪವನ್ನು ತನ್ನ ಕೈಯಿಂದಲೇ ಹಚ್ಚಿದಳು. ಅಲ್ಲಿಗೆ ಪೂಜೆಯಾಯಿತು. ಮಠದ ಗಂಟೆ ಹೊಡೆಯಿತು. ಮೌನ ಮುಗಿಯಿತು.

"ಹಸಿ ಬಾಣಂತಿ, ಇಷ್ಟ ಬಿಸಲಾಗ ಯಾಕ ಬಂದೀ?" ಎಂದು ಹಾರದ ಹಿಂದಿನಿಂದ ದನಿ ಬಂತು.

ರಾಚಪ್ಪ ತಾಳ ಬಿಸಾಡಿ ಅಂಗಳಕ್ಕೆ ಹಾರಿದನು. ಸಾವಂತ್ರಿ ಮಾತ್ರ ಓಡಲಿಲ್ಲ. ತಾಯಿಯನ್ನು ಅಪ್ಪಿಕೊಂಡು ಅತ್ತಳು, ನಕ್ಕಳು. ತಾನು ಹಚ್ಚಿದ ದೀಪ ನೋಡಿದಳು, ಮತ್ತೆ ಅತ್ತಳು. ಆಮೇಲೆ ವಿಷಯ ತಿಳಿದ ತಾಯಿ ಪೊರಕೆ ಹಿಡಿದಳು.

"ತಗಿಯೋ ಆ ತಾರೀಕು!"

"ತಗದ್ರ ಖಾಲಿ ಆಗತೈತಲ್ಲವ್ವಾ!"

"ಹಂಗಾರ ಮುಂದಕ ಹಾಕು! ಎಷ್ಟು ಮುಂದಕ ಹೋಗತೈತೋ ಅಷ್ಟು ಮುಂದಕ!"

"ಆತವ್ವಾ. ಅಷ್ಟು ಮುಂದಕ."

ಹೋದನು. ಮುಂದಕ್ಕೆ ಒತ್ತಿದನು. ಯಂತ್ರ ಸಾಕೆನ್ನುವ ತನಕ ಒತ್ತಿದನು. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೆಯ ಇಸವಿಗೆ ಅದು ನಿಂತಿತು. ರೊಟ್ಟಿಯ ಚಿಂತೆಗೆ ತನಗೂ ಅದನ್ನೇ ಹಾಕಿಕೊಂಡನು.

ಮರುದಿನ ಗುರುಸಿದ್ದವ್ವ ಎಂದಿನಂತೆ "ಶಿವನ, ನನ್ನ ಬೇಗ ಕರಕೋ" ಎಂದಳು. ಒಲೆಯ ಮುಂದಿನಿಂದ ಮಗ ಹೇಳಿದನು: "ಸುಮ್ನ ಕರೀಬ್ಯಾಡವ್ವಾ. ಇನ್ನ ಎಂಟು ಸಾವಿರ ವರ್ಷ ಅವ ಬಾಗಲಾ ತಗಿಯೂದಿಲ್ಲ."

"ಅಯ್ಯೋ ಪೆದ್ದ! ನಿಮ್ಮಪ್ಪ ಅಲ್ಲಿ ಕಾಯತಾನಲ್ಲೋ!"

ಶಿವನು ಬರೆದ ತಾರೀಕಿನ ಮುಂದೆ ಯಂತ್ರದ ತಾರೀಕು ಏನೂ ಅಲ್ಲ, ಹಾಗೆಂದೇ ನಂಬಿದ ಜೀವ ನನ್ನದು. ಆದರೂ ಮುರಿಗೆಪ್ಪ ಹೋದ, ಅವನ ಅಂಗಡಿ ಹೋಯಿತು. ರಾಚಪ್ಪ ಹೋದ, ಅವನ ಮೊಮ್ಮಕ್ಕಳಿಗೆ ಮೊಮ್ಮಕ್ಕಳಾದರು. ಮಠದ ಹಿಂದೆ ಮಟಮಟ ಮಧ್ಯಾಹ್ನದಲ್ಲಿ ನಡೆದು ಹೋದರೆ ಈಗಲೂ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಹೆಜ್ಜೆ ನಿಲ್ಲಿಸಿದರೆ ಒಳಗಿನಿಂದ ಒಂದು ದನಿ ಕೇಳುತ್ತದೆ.

"ಯಾರವ್ವಾ ಹೊರಗ? ಈಗ ಎಷ್ಟನೇ ಇಸವಿ?"

ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ದನಿ:

"ಯವ್ವಾ, ಇನ್ನೊಂದು ರೊಟ್ಟಿ!"