ಹನ್ನೆರಡನೆಯ ಹೊಲದ ಹೊಸಬ

"ಅಜ್ಜಾರ, ಒಬ್ಬಾಂವ ಮೂರು ವರ್ಷ ದಿನಾ ಕಲಿತಾನ್ರಿ. ಕೈ ಸುಧಾರಿಸೇತಿ, ಕಣ್ಣು ಸುಧಾರಿಸೇತಿ. ಆದ್ರೂ ಹತ್ತು ಆಟದಾಗ ಐದು ಗೆಲ್ತಾನ, ಐದು ಸೋಲ್ತಾನ. ಮೊದಲಿಗೂ ಅಷ್ಟ, ಇವತ್ತೂ ಅಷ್ಟ. ಹಂಗಾದ್ರ ಅಂವ ಕಲತದ್ದು ಎಲ್ಲಿ ಹೋತ್ರಿ?"

ಕೇಳಿದವನು ಚನವೀರ, ತಾಲೂಕಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಚಿತ್ರ ಬರೆಯಲು ಕಲಿಸುವ ಮಾಸ್ತರ. ಕೇಳಿಸಿಕೊಂಡವರು ಮಠದ ಗುರುಗಳು. ಊರವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು.

"ಯಾವ ಆಟಪಾ ಅದು?" ಎಂದರು ಗುರುಗಳು.

ಫೋನಿನಲ್ಲಿ ಆಡುವ, ಗುಂಡು ಹಾರಿಸುವ ಆಟ ಎಂದು ಚನವೀರ ಹೇಳಿದ. ಎಲ್ಲೆಲ್ಲಿಯವರೋ ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ಗೆದ್ದರೆ ಅಂಕ ಕೂಡುತ್ತದೆ, ಸೋತರೆ ಕಳೆಯುತ್ತದೆ. ಅಂಕ ಕೂಡಿದಂತೆ ಕಂಚಿನ ಮೆಟ್ಟಿಲಿನಿಂದ ಬೆಳ್ಳಿಗೆ, ಬೆಳ್ಳಿಯಿಂದ ಚಿನ್ನಕ್ಕೆ, ಚಿನ್ನದಿಂದ ವಜ್ರಕ್ಕೆ ಏರಬೇಕು. ಇಲ್ಲಿಯ ತನಕ ಅವನು ಸರಾಗವಾಗಿಯೇ ಹೇಳಿದ. ಆಮೇಲೆ ತಾನೇ ತೊಡರಿಕೊಂಡ. ಗೆದ್ದಾಗ ಬರುವುದು ಹದಿನೆಂಟು ಅಂಕ, ಸೋತಾಗ ಹೋಗುವುದು ಇಪ್ಪತ್ತೆರಡು. ಮೊನ್ನೆ ಅದೇ ಗೆಲುವಿಗೆ ಇಪ್ಪತ್ತೈದು ಬಂದಿತ್ತು. ಯಾಕೆ ಎಂದರೆ ಅವನಿಗೆ ತಿಳಿಯದು. ಕಣ್ಣಿಗೆ ಕಾಣುವ ಅಂಕ ಒಂದಂತೆ, ಆಟದ ಹೊಟ್ಟೆಯೊಳಗೆ ಯಾರಿಗೂ ಕಾಣದ ಇನ್ನೊಂದು ಅಂಕ ಇದೆಯಂತೆ. ಯಾರ ಮೇಲೆ ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದು ಆ ಒಳಗಿನ ಅಂಕವೇ ಅಂತೆ. ಬಲ್ಲವರ ಮೇಲೆ ಬಲ್ಲವರನ್ನೇ ಬಿಡುತ್ತದೆ, ಹೊಸಬರ ಮೇಲೆ ಹೊಸಬರನ್ನೇ ಬಿಡುತ್ತದೆ. ಹೇಳುತ್ತ ಹೇಳುತ್ತ ಅವನ ಮಾತಿಗೆ ತಲೆಬುಡ ಇಲ್ಲದಂತಾಯಿತು.

"ಚಿನ್ನದ ಮೂರನೇ ಮೆಟ್ಟಲದಾಗ ನಿಂತು ವರ್ಷಾತ್ರಿ. ಇವತ್ತು ಏರ್ತೀನಿ, ನಾಳೆ ಇಳಿತೀನಿ. ಕಂಚಿನವರ ಜೋಡಿ ಆಡಿದ್ರ ಹತ್ತಕ್ಕ ಒಂಬತ್ತು ಗೆಲ್ತೀನ್ರಿ."

"ಅದು ನಿನಗ ಹೆಂಗ ಗೊತ್ತು? ಆಟ ನಿನ್ನನ್ನ ಅವರ ಮ್ಯಾಲೆ ಬಿಡೂದಿಲ್ಲ ಅಂದಿ."

"ಅಂದಾಜ್ರೀ."

ಅದು ಅಂದಾಜಾಗಿರಲಿಲ್ಲ. ಆಟದಲ್ಲಿ ಅವನ ಹೆಸರು ಗರುಡ. ಆದರೆ ಎರಡು ತಿಂಗಳ ಹಿಂದೆ ಅವನು ಗುಟ್ಟಾಗಿ ಇನ್ನೊಂದು ಹೆಸರು ಇಟ್ಟುಕೊಂಡು, ಹೊಸಬನ ಹಾಗೆ ಕಂಚಿನ ಮೊದಲ ಮೆಟ್ಟಿಲಿನಿಂದ ಆಡತೊಡಗಿದ್ದ. ಆ ಹೆಸರನ್ನು ಗುರುಗಳಿಗೆ ಹೇಳಲಿಲ್ಲ. ಕೇಳಲು ಬಂದ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಪ್ರಶ್ನೆಯಂತೂ ಅವನ ಜೀವ ತಿನ್ನುತ್ತಿತ್ತು. ಅರ್ಧ ಎನ್ನುವ ಮಾತು ಆಟದಿಂದ ಇಳಿದು ಅವನ ಮೈಗೇ ಅಂಟಿಕೊಂಡಿತ್ತು. ಹಲಗೆಯ ಮೇಲೆ ಕುದುರೆಯ ಚಿತ್ರ ಬರೆಯುವಾಗ, ನಾನು ಇದರಲ್ಲಿಯೂ ಅರ್ಧವೇ ಇರಬೇಕು ಅನ್ನಿಸಿ ಸೀಮೆಸುಣ್ಣ ನಿಂತುಬಿಡುತ್ತಿತ್ತು. ಅವನಿಗೆ ನಿಜಕ್ಕೂ ದುಃಖವಾಗಿತ್ತು. ಮೂವತ್ತು ದಾಟಿದವನು ಒಂದು ಆಟಕ್ಕೆ ದುಃಖಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗಿತ್ತು. ತಾನು ಏನಾದರೂ ಕಲಿತಿದ್ದೇನೆಯೇ ಇಲ್ಲವೇ, ಅಷ್ಟು ತಿಳಿದರೆ ಸಾಕಿತ್ತು.

ಗುರುಗಳು ಅವನಿಗೆ ಒಂದು ಕತೆ ಹೇಳತೊಡಗಿದರು.

ಒಂದು ಊರು. ಊರಿನ ಮುಂದೆ ಹಳ್ಳ, ಹಳ್ಳದ ದಂಡೆಗೆ ಹುಣಸೆಯ ತೋಪು. ತೋಪಿನಿಂದ ಗುಡ್ಡದ ತನಕ ಸಾಲಾಗಿ ಹನ್ನೆರಡು ಜೋಳದ ಹೊಲ. ತೆನೆಯಲ್ಲಿ ಹಾಲು ತುಂಬಿದಾಗ ತೋಪಿನ ಹಕ್ಕಿಗಳೆಲ್ಲ ಹಿಂಡುಹಿಂಡಾಗಿ ಇಳಿಯುತ್ತವೆ. ಹೊಲಕ್ಕೊಂದು ಅಟ್ಟಣೆ, ಅಟ್ಟಣೆಗೊಬ್ಬ ಕಾವಲುಗಾರ, ಅವನ ಕೈಯಲ್ಲೊಂದು ಕವಣೆ. ಕವಣೆ ಬೀಸಿ ಕಲ್ಲು ಒಗೆದಾಗ ಹಿಂಡು ಎದ್ದು ಹೋದರೆ ಅವನು ಗೆದ್ದ. ಹಿಂಡು ಕೂತು ತಿಂದರೆ ಸೋತ.

ತೋಪಿಗೆ ಹತ್ತಿರದ ಹೊಲಕ್ಕೆ ಹಕ್ಕಿ ಬಹಳ. ಗುಡ್ಡದ ಕಡೆ ಹೋದಂತೆ ಕಡಿಮೆ. ಯಾರು ಯಾವ ಅಟ್ಟಣೆ ಏರಬೇಕು ಎನ್ನುವುದನ್ನು ಊರಿನ ಹಿರಿಯನೊಬ್ಬ ಹೇಳುತ್ತಿದ್ದ. ಹೊಸಬರಿಗೆ ಗುಡ್ಡದ ಬುಡದ ಎರಡು ಹೊಲ. ಅರ್ಧಕ್ಕಿಂತ ಹೆಚ್ಚು ಹಿಂಡು ಎಬ್ಬಿಸಿದವನು ತೋಪಿನ ಕಡೆಗೆ ಒಂದು ಹೊಲ ಮುಂದಕ್ಕೆ, ಕಡಿಮೆ ಎಬ್ಬಿಸಿದವನು ಒಂದು ಹೊಲ ಹಿಂದಕ್ಕೆ. ಹಿರಿಯ ದಿನವಿಡೀ ಬದುವಿನ ಮೇಲೆ ಅಡ್ಡಾಡುತ್ತ ನೋಡುತ್ತಿದ್ದ. ಯಾರದು ಎಷ್ಟು ಎನ್ನುವ ಲೆಕ್ಕ ಅವನ ತಲೆಯಲ್ಲಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕಾವಲುಗಾರರಿಗೆ ಕಾಣುತ್ತಿದ್ದುದು ಅಟ್ಟಣೆ ಮಾತ್ರ. ತೋಪಿಗೆ ಹತ್ತಿರವಾದಷ್ಟೂ ಅಟ್ಟಣೆ ಎತ್ತರ. ದಾರಿಯಲ್ಲಿ ಹೋಗುವವರು ಕತ್ತೆತ್ತಿ, ಅಲ್ಲಿ ಕೂತವನು ಯಾರು ಎಂದು ಕೇಳುತ್ತಿದ್ದರು.

ಒಬ್ಬ ಕಾವಲುಗಾರನಿದ್ದ. ಹನ್ನೆರಡನೆಯ ಹೊಲದಿಂದ ಶುರು ಮಾಡಿದವನು ಮೂರನೆಯ ಹೊಲದ ತನಕ ಬಂದ. ಬಂದವನು ಅಲ್ಲೇ ನಿಂತ. ಇವತ್ತು ಮೂರನೆಯದು, ನಾಳೆ ನಾಲ್ಕನೆಯದು, ನಾಡಿದ್ದು ಮತ್ತೆ ಮೂರನೆಯದು. ಹತ್ತು ಹಿಂಡು ಬಂದರೆ ಐದು ಏಳುತ್ತಿದ್ದವು, ಐದು ಕೂರುತ್ತಿದ್ದವು. ಅವನು ಸೆಣಬಿನ ಕವಣೆ ಬಿಟ್ಟು ಮೇಕೆಕೂದಲಿನದು ಹೆಣೆದ. ಸಿಕ್ಕ ಕಲ್ಲು ಬಿಟ್ಟು, ಹಳ್ಳಕ್ಕೆ ಇಳಿದು ಗುಂಡಗಿನ ಕಲ್ಲುಗಳನ್ನೇ ಆರಿಸಿ ತಂದ. ಐದು ಐದಾಗಿಯೇ ಉಳಿಯಿತು.

ಕೈ ಸೋತವನು ಮೊದಲು ಮಾಡುವ ಕೆಲಸವನ್ನು ಅವನೂ ಮಾಡಿದ. ಹಿರಿಯನ ಹತ್ತಿರ ಹೋಗಿ ಅಕ್ಕಪಕ್ಕದವರ ಮೇಲೆ ಹೇಳಿದ.

"ಎರಡನೇ ಹೊಲದಾಂವ ತೂಕಡಿಸ್ತಾನ. ನಾಲ್ಕನೇದಾಂವಗ ಕೂಗೂದ ಬರೂದಿಲ್ಲ. ಅವರು ಬಿಟ್ಟ ಹಕ್ಕಿ ಎಲ್ಲಾ ನನ್ನ ಹೊಲಕ್ಕ ಬರ್ತಾವು. ನನ್ನ ಕೈದೇನೂ ತಪ್ಪಿಲ್ಲ."

"ಅವರಿಬ್ಬರೂ ಮುಂಜಾನೆ ಬಂದಿದ್ರು," ಎಂದ ಹಿರಿಯ. "ನಿನ್ನ ಬಗ್ಗೆ ಇದ ಮಾತು ಹೇಳಿ ಹೋದ್ರು."

ಕಾವಲುಗಾರನಿಗೆ ತಲೆ ಕೆಟ್ಟಿತು. ಏನೂ ಬರದಿದ್ದಾಗ ಅರ್ಧ ಏಳುತ್ತಿದ್ದವು. ಎಲ್ಲ ಬರುವಾಗಲೂ ಅರ್ಧವೇ ಏಳುತ್ತವೆ. ಹಾಗಾದರೆ ಬಂದದ್ದಾದರೂ ಏನು? ಯೋಚಿಸಿದಷ್ಟೂ ಅದು ಸಿಕ್ಕಾಯಿತು. ಕೊನೆಗೆ, ಎಲ್ಲ ಹಿಂಡೂ ಏಳುವುದನ್ನು ಒಂದೇ ಒಂದು ದಿನ ಕಣ್ಣಾರೆ ಕಂಡರೆ ಸಾಕು ಅನ್ನಿಸಿತು.

ತೋಳು ಉಳುಕಿದೆ ಎಂದು ಹೇಳಿಕಳಿಸಿದ. ನಾಲ್ಕನೆಯವನು ಮೂರನೆಯ ಹೊಲಕ್ಕೆ ಬಂದ, ಐದನೆಯವನು ನಾಲ್ಕನೆಯದಕ್ಕೆ. ಹೀಗೆ ಎಲ್ಲರೂ ತಮ್ಮ ಕೈಗೆ ಮೀರಿದ ಹೊಲಕ್ಕೆ ಒಂದೊಂದಾಗಿ ಸರಿದರು. ಮೊದಲೇ ಒಬ್ಬ ಕಾವಲುಗಾರ ಕಡಿಮೆ ಇದ್ದುದರಿಂದ ಗುಡ್ಡದ ಬುಡದ ಎರಡೂ ಹೊಲ ತೆರವಾದವು. ಮಾರನೆಯ ಬೆಳಿಗ್ಗೆ ಕಂಬಳಿಯನ್ನು ಕೊಪ್ಪೆ ಮಾಡಿ ಮುಖ ಮುಚ್ಚುವಂತೆ ಹೊದ್ದ ಒಬ್ಬ ಮನುಷ್ಯ ಬಂದ. ಬೇರೆ ಊರಿನ ಹೆಸರು ಹೇಳಿದ, ಬೇರೆ ಹೆಸರು ಹೇಳಿದ, ಕವಣೆ ಹಿಡಿದದ್ದು ಇದೇ ಮೊದಲು ಎಂದ. ಅವನನ್ನು ಹನ್ನೆರಡನೆಯ ಹೊಲಕ್ಕೆ ಹಾಕಿದರು.

ಅಲ್ಲಿ ಅವನಿಗೆ ಹಬ್ಬ. ಹಿಂಡು ಇಳಿಯುವ ಮೊದಲೇ ಕಲ್ಲು ಹೋಗಿ ಬೀಳುತ್ತಿತ್ತು. ಹತ್ತಕ್ಕೆ ಒಂಬತ್ತು, ಕೆಲವು ದಿನ ಹತ್ತಕ್ಕೆ ಹತ್ತು. ಅವನು ಒಬ್ಬನೇ ನಗುತ್ತಿದ್ದ. ಆದರೆ ಹೀಗೆ ಎಬ್ಬಿಸುತ್ತ ಹೋದರೆ ಮುಂದಿನ ಹೊಲಕ್ಕೆ ಕಳಿಸಿಬಿಡುತ್ತಾರಲ್ಲ. ಅದಕ್ಕೆ ಹಿರಿಯ ಬದುವಿನ ಮೇಲೆ ಬಂದಾಗೆಲ್ಲ ಬೇಕೆಂದೇ ಗುರಿ ತಪ್ಪಿಸಿ ಒಗೆಯುತ್ತಿದ್ದ. ಹಿರಿಯನ ಲೆಕ್ಕದಲ್ಲಿ ಇಲ್ಲಿಯೂ ಅವನದು ಅರ್ಧವೇ ಆಯಿತು. ಅದು ಆ ಜಾಣನಿಗೆ ಹೊಳೆಯಲಿಲ್ಲ.

ಅವನು ಬಂದ ದಿನವೇ ಪಕ್ಕದ ಹನ್ನೊಂದನೆಯ ಹೊಲಕ್ಕೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬುಟ್ಟಿ ಹೆಣೆಯುವವಳು, ಊರಿಗೆ ಹೊಸಬಳು. ಕಾವಲು ಕಲಿತು ಸುಗ್ಗಿಯ ತನಕ ನಿಂತರೆ ಅವಳಿಗೆ ಊರಿನಲ್ಲಿ ನೆಲೆ ಕೊಡುವುದಾಗಿ ಮಾತಾಗಿತ್ತು. ಅವಳು ಕವಣೆ ಹಿಡಿದದ್ದು ನಿಜವಾಗಿಯೂ ಅದೇ ಮೊದಲ ಸಲ. ಕೊಪ್ಪೆಯವನು ಎಬ್ಬಿಸಿದ ಹಿಂಡುಗಳೆಲ್ಲ ಬೇರೆಲ್ಲಿಗೆ ಹೋಗಬೇಕು? ಎದ್ದವು ನೇರ ಅವಳ ಹೊಲದಲ್ಲಿ ಇಳಿಯುತ್ತಿದ್ದವು. ಅವಳು ಬೀಸಿದ ಕಲ್ಲು ಒಮ್ಮೆ ಹಿಂದೆ ಬೀಳುತ್ತಿತ್ತು, ಒಮ್ಮೆ ಅವಳ ಕಾಲ ಬಳಿಯೇ ಬೀಳುತ್ತಿತ್ತು. ಅಂಗೈಗೆ ಬೊಬ್ಬೆ ಬಂದರೂ ಎಂಟು ದಿನ ಬೀಸಿದಳು. ಬೀಸುವ ನಡುವೆ ಪಕ್ಕದ ಅಟ್ಟಣೆಯ ಕಡೆಗೇ ನೋಡುತ್ತಿದ್ದಳು.

ಒಂಬತ್ತನೆಯ ದಿನ ಅವಳು ಕವಣೆಯನ್ನು ಅಟ್ಟಣೆಯ ಮೇಲೆ ಮಡಿಸಿಟ್ಟು ಇಳಿದು ಬಂದಳು.

"ಅಣ್ಣಾ, ನೀನೂ ನಾನೂ ಒಂದ ದಿನ ಬಂದವರು," ಎಂದಳು. "ನಿನ್ನ ಕಲ್ಲಿಗೆ ಎಲ್ಲಾ ಹಿಂಡು ಏಳ್ತಾವು. ನನ್ನ ಕಲ್ಲಿಗೆ ಒಂದೂ ಏಳವಲ್ದು. ಕಲತ್ರ ಬರ್ತೈತಿ ಅಂತ ತಿಳಿದಿದ್ನಿ. ನಿನ್ನ ನೋಡಿದ ಮ್ಯಾಲೆ ಇದು ನನ್ನ ಕೈಗೆ ಬರೂ ಕೆಲಸ ಅಲ್ಲ ಅಂತ ಖಾತ್ರಿ ಆತು."

ಕಾವಲುಗಾರ ಬಾಯಿ ತೆರೆದ. ನಾನು ಹೊಸಬ ಅಲ್ಲ ಎಂದರೆ ಮುಗಿಯುತ್ತಿತ್ತು. ಅಷ್ಟು ಹೇಳಬೇಕಾದರೆ ಕೊಪ್ಪೆ ತೆಗೆಯಬೇಕಾಗಿತ್ತು. ಅವನು ತೆಗೆಯಲಿಲ್ಲ. ಅವಳು ಗುಡ್ಡ ಬಳಸಿ ಹೋಗುವ ದಾರಿ ಹಿಡಿದಳು.

ಇಲ್ಲಿಗೆ ಬಂದಾಗ ಚನವೀರನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಹೋದ ವಾರದ್ದು ನೆನಪಾಯಿತು. ಕಂಚಿನ ಮೊದಲ ಮೆಟ್ಟಿಲಿನ ಆಟ; ಮೇಲೆ ಏರಬಾರದೆಂದು ಆಗಾಗ ಬೇಕೆಂದೇ ಸೋತು ಅವನು ಅಲ್ಲೇ ಉಳಿದಿದ್ದ. ಎದುರಿನವರ ಪೈಕಿ ಒಬ್ಬನನ್ನು ಅವನು ಹನ್ನೊಂದು ಸಲ ಹೊಡೆದು ಕೆಡವಿದ್ದ. ಆಟ ಮುಗಿದ ಮೇಲೆ ಆ ಅಪರಿಚಿತ ಒಂದು ಸಾಲು ಬರೆದಿದ್ದ: 'ನೀವೂ ನನ್ನ ಹಾಗೇ ಹೊಸಬರು, ಎಷ್ಟು ಬೇಗ ಕಲಿತಿರಿ, ನನ್ನ ಕೈಯಲ್ಲಿ ಇದು ಆಗಲ್ಲ ಬಿಡಿ.' ಚನವೀರ ಅದನ್ನು ಓದಿ ನಕ್ಕಿದ್ದ. ಆಮೇಲೆ ಆ ಹೆಸರು ಆಟದಲ್ಲಿ ಎಲ್ಲಿಯೂ ಕಾಣಲಿಲ್ಲ. ಹುಡುಕಲೇ ಇಲ್ಲ ಎಂದು ಹೇಳುವಂತಿರಲಿಲ್ಲ. ಎರಡು ಸಲ ಹುಡುಕಿದ್ದ.

ಗುರುಗಳು ಅವನ ಕಡೆ ನೋಡದೆ ಕತೆ ಮುಂದುವರಿಸಿದರು.

ಕಾವಲಿಲ್ಲದ ಹನ್ನೊಂದನೆಯ ಹೊಲ ಎರಡೇ ದಿನದಲ್ಲಿ ಬರಿಯ ದಂಟಾಗಿ ನಿಂತಿತು. ಹಿರಿಯ ಬಂದು ಅದನ್ನು ನೋಡಿದ. ಆಮೇಲೆ ಹನ್ನೆರಡನೆಯ ಹೊಲದ ಅಟ್ಟಣೆಯ ಕೆಳಗೆ ಬಿದ್ದಿದ್ದ ಒಂದು ಕಲ್ಲು ಎತ್ತಿಕೊಂಡ. ಗುಂಡಗಿನ ಕಲ್ಲು, ಹಳ್ಳದ್ದು. ಹೊಸಬರು ಹಳ್ಳಕ್ಕೆ ಇಳಿದು ಕಲ್ಲು ಆರಿಸುವುದಿಲ್ಲ. ಅವನು ಕೊಪ್ಪೆಯವನ ಮುಖ ನೋಡಲಿಲ್ಲ, ಹೆಸರು ಕೇಳಲಿಲ್ಲ.

"ಮೂರನೇ ಹೊಲದಾಂವ ಸಿಕ್ಕರ ಹೇಳು," ಎಂದ. "ಅವನ್ನ ಅಲ್ಲಿ ಕೂಡ್ರಿಸಿದ್ದು ಊರಿಗೆ ತೋರಸಾಕ ಅಲ್ಲ. ಅಷ್ಟು ಹಕ್ಕಿ ತಡಿಯೂ ಕೈ ಊರಾಗ ಬ್ಯಾರೆ ಇರಲಿಲ್ಲ, ಅದಕ್ಕ."

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಕತೆ ಮುಗಿಯಿತೋ ಇಲ್ಲವೋ ಚನವೀರನಿಗೆ ಗೊತ್ತಾಗಲಿಲ್ಲ.

"ಅಂವ ತಿರುಗಿ ಮೂರನೇ ಹೊಲಕ್ಕ ಹೋದ್ನೇನ್ರಿ ಅಜ್ಜಾರ? ಅಂವ ಸುಧಾರಿಸಿದ್ನೋ ಇಲ್ಲೋ?"

"ಕೊನೇ ಹೊಲಕ್ಕ ದಿನಕ್ಕ ಹತ್ತು ಹಿಂಡು ಬರ್ತಿದ್ವು, ಮೂರನೇದಕ್ಕ ನೂರು. ಎದ್ದ ಹಿಂಡು ಹತ್ತಕ್ಕ ಎಷ್ಟು ಅಂತ ಅಂವ ದಿನಾ ಎಣಿಸಿದ. ಬಂದ ಹಿಂಡು ಎಷ್ಟು ಅಂತ ಒಂದಿನಾನೂ ಎಣಿಸಲಿಲ್ಲ."

ಚನವೀರ ಮನಸ್ಸಿನಲ್ಲೇ ಅದನ್ನು ಎರಡು ಸಲ ತಿರುವಿ ನೋಡಿದ. ಕಂಚಿನಲ್ಲಿ ಐದು ಗೆದ್ದದ್ದು ಕಂಚಿನವರ ಮೇಲೆ, ಚಿನ್ನದಲ್ಲಿ ಐದು ಗೆದ್ದದ್ದು ಚಿನ್ನದವರ ಮೇಲೆ. ಐದು ಅದೇ ಐದು, ಎದುರಿಗೆ ಬಂದವರು ಬೇರೆ. ಅವನು ಕಲಿತದ್ದು ಎಲ್ಲಿಗೂ ಹೋಗಿರಲಿಲ್ಲ. ಅವನ ಎದುರಿಗೆ ಬಂದು ನಿಲ್ಲುವವರಲ್ಲಿ ಅದು ಕಾಣುತ್ತಿತ್ತು, ಅಷ್ಟೇ. ಮೂರು ವರ್ಷದ ಭಾರ ಇಳಿದ ಹಾಗಾಯಿತು. ಕೇಳಲು ಬಂದದ್ದಕ್ಕೆ ಉತ್ತರ ಸಿಕ್ಕಿತ್ತು. ಆದರೂ ಅವನಿಗೆ ಗೆಲುವಾಗಲಿಲ್ಲ, ಯಾಕೆಂದು ತಿಳಿಯಲೂ ಇಲ್ಲ. ಗುಡ್ಡ ಬಳಸಿ ಹೋದವಳು ಕಣ್ಣ ಮುಂದಿನಿಂದ ಸರಿಯಲೊಲ್ಲಳು. ಅವಳು ಆಮೇಲೆ ಏನಾದಳು ಎಂದು ಕೇಳಬೇಕೆಂದುಕೊಂಡ. ಕೇಳಲು ಧೈರ್ಯವಾಗಲಿಲ್ಲ.

ಗುರುಗಳ ಕಾಲಿಗೆ ನಮಸ್ಕಾರ ಮಾಡಿ ಎದ್ದ. ಬಾಗಿಲ ತನಕ ಹೋಗಿ ಚಪ್ಪಲಿಗೆ ಕಾಲು ಹಾಕುವಷ್ಟರಲ್ಲಿ ಒಳಗಿನಿಂದ ಗುರುಗಳು ಕೇಳಿದರು.

"ಚನವೀರಾ, ಆ ಹನ್ನೆರಡನೇ ಹೊಲದಾಗ ನಿನ್ನ ಹೆಸರೇನಪಾ?"