ಸಾಸಿವೆಯ ಹಾದಿ

ಪೂಜ್ಯ ಗೂಳಯ್ಯಜ್ಜನವರು ಹಾಲಗುಂಡಿಯ ಹಳೆಯ ರುದ್ರಭೂಮಿಯ ಅಂಚಿನಲ್ಲಿ, ಮುರುಕು ಮಂಟಪವೊಂದರಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ಜೋಳಿಗೆ, ಅಷ್ಟೇ ಅವರ ಆಸ್ತಿ. ಸಮಾಧಿಗಳ ನಡುವೆ ಬೆಳಕು ಓಡಾಡುತ್ತದೆಂದು ಊರವರು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಒಂದು ಸಂಜೆ ನೀಲವ್ವನೆಂಬ ಗಟ್ಟಿಗಿತ್ತಿ ಹಸುಗೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡುಗುತ್ತ ಬಂದಳು. ತಿಂಗಳ ಹಿಂದೆ ಆಕೆಯ ಸೊಸೆ ಶಾಂಭವಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಬಾಣಂತಿ ಸತ್ತರೆ ಕೂಸಿಗಾಗಿ ತಿರುಗಿ ಬರುತ್ತಾಳೆಂಬುದು ಆ ಊರಿನ ನಂಬಿಕೆ. ಅದಕ್ಕೆಂದೇ ಮಣ್ಣು ಮಾಡಿ ಬರುವಾಗ ಸಮಾಧಿಯಿಂದ ಹೊಸ್ತಿಲವರೆಗೆ ಸಾಸಿವೆ ಚೆಲ್ಲುತ್ತಾರೆ. ಒಂದೊಂದೇ ಕಾಳು ಆರಿಸುತ್ತ ಬರುವವಳಿಗೆ ದಾರಿಯಲ್ಲೇ ಬೆಳಗಾಗಿಬಿಡುತ್ತದಂತೆ. ಸಾಸಿವೆಯನ್ನು ಹುರಿದು ಚೆಲ್ಲಬೇಕು. ನೀಲವ್ವ ಗಾಬರಿಯಲ್ಲಿ ಹಸಿಯದನ್ನೇ ಚೆಲ್ಲಿದ್ದಳು.

ಮಳೆ ಬಿತ್ತು, ಕಾಳು ಮೊಳೆಯಿತು. ಸಮಾಧಿಯಿಂದ ಮಂಟಪದ ಮುಂದೆ ಹಾದು ನೀಲವ್ವನ ಬಾಗಿಲವರೆಗೆ ಹಸಿರು ಸಾಲೊಂದು ದಾರಿ ತೋರಿಸುವಂತೆ ಎದ್ದು ನಿಂತಿತು. ಹೆದರುವವರ ಮೇಲೆ ಹಾವು ಎಸೆದಂತೆ, ಅದೇ ಸಾಲು ಹಿಡಿದು ಬೆಳಕೊಂದು ದಿನಕ್ಕಿಷ್ಟು ಹತ್ತಿರ ಬರತೊಡಗಿತು. ನಿನ್ನೆ ಮನೆಯ ಬೇಲಿಯವರೆಗೂ ಬಂದಿತ್ತು. ಎರಡು ದಿನದಿಂದ ಕೂಸಿನ ಗಂಟಲಲ್ಲಿ ಹಾಲು ಇಳಿಯುತ್ತಿಲ್ಲ. ಸತ್ತ ಸೊಸೆ ಕೂಸನ್ನು ಒಯ್ಯಲು ಬಂದಿದ್ದಾಳೆ, ತಾಯತ ಕಟ್ಟಿ ಉಳಿಸಿರೆಂದು ನೀಲವ್ವ ಅತ್ತಳು.

ಅಜ್ಜನವರು ಕೂಸಿನ ಕಡೆ ಬಾಗಿ ಕೇಳಿದರು.

"ಹೋಗೂಮುಂದ ಆಕಿ ಏನು ಕೇಳಿದ್ಲು, ತಂಗಿ?"

ನೀಲವ್ವ ಕೂಸಿನ ಮೇಲೆ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. "ಕೂಸಿನ ಮಾರಿ ತೋರಸ್ರಿ ಅತ್ತಿ ಅಂದ್ಲು, ಅಜ್ಜಾರ. ಸಾಯೋರ ಕಣ್ಣು ಬೀಳಬಾರ್ದಂತ ನಾ ತೋರಸಲಿಲ್ಲ."

"ಹಂಗಾರ ಈಗ ತೋರಸು."

ಆಗಲೇ ಮಬ್ಬುಗತ್ತಲು. ಸಮಾಧಿಗಳ ನಡುವೆ ನೆಲಕ್ಕಂಟಿದಂತೆ ತೆಳುನೀಲಿ ಬೆಳಕೊಂದು ಎದ್ದಿತು. ಗಾಳಿಯಿರಲಿಲ್ಲ, ಆದರೂ ಸಾಸಿವೆ ಸಸಿಗಳು ಒಂದರ ಹಿಂದೊಂದು ಅಲುಗಿದವು. ಬೆಳಕು ಮಂಟಪದ ಮೆಟ್ಟಿಲಿಗೆ ಬಂದು ನಿಂತಿತು. ಅಜ್ಜನವರು ಮಂತ್ರ ಹೇಳಲಿಲ್ಲ, ಭಸ್ಮ ಎರಚಲಿಲ್ಲ. ನೀಲವ್ವನ ಬೆನ್ನಿಗೆ ನಿಂತರು. ಆಕೆ ಕಣ್ಣು ಮುಚ್ಚಿಕೊಂಡೇ ಸೆರಗು ಸರಿಸಿ, ಕೂಸನ್ನು ಮುಂದೆ ಹಿಡಿದಳು.

"ನೋಡವ್ವ ಶಾಂಭವಿ, ಹೆಣ್ಣು ಕೂಸು. ನಿನ್ನಂಗ ಐತಿ."

ಕೈಗಳ ಮೇಲೆ ತಣ್ಣನೆಯದೇನೋ ಸುಳಿದು ಹೋಯಿತು. ಕಣ್ಣು ತೆರೆದಾಗ ಬೆಳಕಿರಲಿಲ್ಲ. ಅಜ್ಜನವರು ತಮಗೆ ಭಿಕ್ಷೆಗೆ ಬಂದ ಆಡಿನ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಕೂಸಿನ ಬಾಯಿಗಿಟ್ಟರು. ಕೂಸು ಚಪ್ಪರಿಸಿ ಕುಡಿಯಿತು.

ಆ ಬೆಳಕು ಆಮೇಲೂ ಕೆಲವರಿಗೆ ಕಂಡಿದೆ. ನೀಲವ್ವ ಮಾತ್ರ ಸಾಸಿವೆಯ ಸಾಲನ್ನು ಯಾರಿಗೂ ಕೀಳಗೊಡಲಿಲ್ಲ. ಹೊತ್ತು ಮುಳುಗಿದೊಡನೆ ಬಾಗಿಲಿಗೆ ಅಗಳಿ ಹಾಕುತ್ತಿದ್ದವಳು, ಮುಂದೆ ಪ್ರತಿ ಸಂಜೆಯೂ ಹೊಸ್ತಿಲ ಮೇಲೆ ಕುಳಿತು, ಕೂಸಿನ ಮುಖವನ್ನು ರುದ್ರಭೂಮಿಯ ಕಡೆಗೆ ಮಾಡಿ ಆಡಿಸುತ್ತಿದ್ದಳು.