ಅಡ್ಜಸ್ಟ್‌ಗೆ ಕನ್ನಡ

ಕಚೇರಿಯ ಬೋರ್ಡಿನ ಮೇಲೆ ದಿನಕ್ಕೊಂದು ಕನ್ನಡ ಪದ ಬರೆಯುವುದು ಅಟೆಂಡರ್ ಪುಟ್ಟತಾಯಮ್ಮನ ಕೆಲಸ. ಒಂದು ದಿನ ಸಾಹೇಬರಾದ ಪರಮಶಿವಯ್ಯನವರು ಎಲ್ಲರೆದುರು ಗದರಿದರು: "ಮಾತೆತ್ತಿದರೆ ಅಡ್ಜಸ್ಟ್ ಅಂತೀಯ! ಸಂಜೆಯೊಳಗೆ ಅದಕ್ಕೆ ಕನ್ನಡ ಬರಿ. ಇಲ್ಲಾಂದ್ರೆ ಎತ್ತಂಗಡಿ ಮಾಡಿಸ್ತೀನಿ."

ಪುಟ್ಟತಾಯಮ್ಮ ಸೀಮೆಸುಣ್ಣ ಹಿಡಿದು ನಿಂತಳು. "ಯಾವ ಅಡ್ಜಸ್ಟು ಸಾರ್? ಮಗಳ ಬಾಣಂತನಕ್ಕೆ ರಜ ಕೇಳಿದಾಗ ಅಡ್ಜಸ್ಟ್ ಮಾಡ್ಕೊ ಅಂದ್ರಿ. ಅದಕ್ಕೆ 'ಕೊಡಲ್ಲ' ಅಂತ ಬರೀಲಾ? ನನ್ನ ಫ್ಯಾನು ನಿಮ್ಮ ಕೋಣೆಗೆ ತಗೊಂಡು ಹೋಗುವಾಗಲೂ ಅದನ್ನೇ ಅಂದ್ರಿ. ಅದಕ್ಕೆ 'ಕಿತ್ಕೊಂಡೆ' ಅಂತ ಬರೀಲಾ?"

ಯಾರೂ ನಗಲಿಲ್ಲ. ಪರಮಶಿವಯ್ಯನವರಿಗೆ ಅದೇ ಹೆಚ್ಚು ಚುಚ್ಚಿತು. ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಫ್ಯಾನನ್ನು ತಾವೇ ಹೊತ್ತು ತಂದು ಅವಳ ಸ್ಟೂಲಿನ ಪಕ್ಕ ಇಟ್ಟರು.

"ನಿಮಗೆ ಸೆಕೆ ಆಗಲ್ವಾ ಸಾರ್?"

"ಅಡ್ಜ..." ಎಂದವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ಮೆಲ್ಲಗೆ, "ಆ ರಜದ ಅರ್ಜಿ ಕೊಡಮ್ಮ," ಎಂದರು.